ತಳಿ ಕೇಳುವ ಮೊದಲು ತಾಯಿಯನ್ನು ನೋಡಿ

ಈ ಸಲದ ಪ್ರಶ್ನೋತ್ತರ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಿಶ್ರತಳಿಯ ನಾಯಿಮರಿಯನ್ನು ಸಾಕುವ ಕುರಿತಾಗಿವೆ. ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಪಶು ಆಸ್ಪತ್ರೆಗಳಲ್ಲಿ ಮೂರು ದಶಕ ಸೇವೆ ಸಲ್ಲಿಸಿ ನಿವೃತ್ತರಾದ ಪಶುವೈದ್ಯರು ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದವರು. ನಾನೂ ನನ್ನ ಯಜಮಾನರೂ ಶಿಕ್ಷಕರು. ಮನೆಯಲ್ಲಿ ಒಂಬತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು ಹಾಗೂ ಅತ್ತೆಯವರಿದ್ದಾರೆ. ಲೋಕಾಪುರದ ಹತ್ತಿರ ನಮ್ಮ ಸೋದರಮಾವನವರ ತೋಟದ ಮನೆಯಲ್ಲಿ ನಾಯಿಯೊಂದು ಐದು ಮರಿ ಹಾಕಿದೆ. ತಾಯಿ ಮುಧೋಳ ನಾಯಿ, ತಂದೆ ಯಾವುದೆಂದು ಯಾರೂ ನೋಡಿಲ್ಲ. ಮರಿಗಳಿಗೆ ಈಗ ಐದು ವಾರ. ಮಕ್ಕಳು ಒಂದನ್ನು ತರಲೇಬೇಕೆಂದು ಹಟ ಹಿಡಿದಿದ್ದಾರೆ. ಪಕ್ಕದ ಮನೆಯ ಕಾಕಾ ಮಾತ್ರ, "ಕ್ರಾಸ್ ನಾಯಿ ಬ್ಯಾಡ್ರಿ, ಅದು ಯಾವಾಗ ಹೆಂಗಿರತೈತಿ ಹೇಳಾಕ ಬರೂದಿಲ್ಲ, ತರೂದಿದ್ರ ಅಸಲಿ ತಳೀನ ತರ್ರಿ" ಎನ್ನುತ್ತಾರೆ. ತರಬಹುದೇ? ತಂದರೆ ಐದರಲ್ಲಿ ಯಾವುದನ್ನು ಆರಿಸಬೇಕು?

ಉತ್ತರ: ನಿಮ್ಮ ಕಾಕಾ ಹೇಳಿದ ಮಾತನ್ನು ಸೇವೆಯಲ್ಲಿದ್ದಷ್ಟು ಕಾಲವೂ ಕೇಳುತ್ತಾ ಬಂದಿದ್ದೇನೆ, ಮತ್ತು ಅದರಲ್ಲಿ ಅರ್ಧ ನಿಜವಿದೆ. ಮಿಶ್ರತಳಿಯ ಮರಿ ಬೆಳೆದ ಮೇಲೆ ಎಷ್ಟು ಎತ್ತರವಾದೀತು, ಅದರ ಕೂದಲು ಗಿಡ್ಡವಾಗಿಯೇ ಉಳಿದೀತೋ ಉದ್ದವಾದೀತೋ, ಕಿವಿ ನಿಮಿರೀತೋ ಜೋತುಬಿದ್ದೀತೋ ಎಂಬುದನ್ನು ಐದನೆಯ ವಾರದಲ್ಲಿ ಯಾರೂ ಖಚಿತವಾಗಿ ಹೇಳಲಾರರು. ಆದರೆ ಅವರು ಹೆದರುತ್ತಿರುವುದು ಕಿವಿಗಾಗಲಿ ಕೂದಲಿಗಾಗಲಿ ಅಲ್ಲ, ಸ್ವಭಾವಕ್ಕೆ. ಅಲ್ಲಿ ಅವರ ಮಾತು ನಿಲ್ಲುವುದಿಲ್ಲ. ಅಮೆರಿಕದ ಸಂಶೋಧಕರು 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ಪ್ರಶ್ನಾವಳಿ ತುಂಬಿಸಿ, 2,000ಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಓದಿ, 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ನಾಯಿಯ ವರ್ತನೆಗೂ ಇನ್ನೊಂದರ ವರ್ತನೆಗೂ ಇರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9 ಮಾತ್ರ. ಅಸಲಿ ತಳಿಯ ಮರಿಯೂ ಕಚ್ಚುವ ನಾಯಿಯಾಗಿ ಬೆಳೆದದ್ದನ್ನು, ಬಸ್ ನಿಲ್ದಾಣದ ಹಿಂದೆ ಹುಟ್ಟಿದ ಮರಿ ತೊಟ್ಟಿಲ ಕೆಳಗೆ ಕಾವಲು ಮಲಗಿದ್ದನ್ನು ನಾನು ಒಂದೇ ಓಣಿಯಲ್ಲಿ ಕಂಡಿದ್ದೇನೆ.

ಆದ್ದರಿಂದ ತರಬಹುದು. ಆದರೆ ತಂದೆ ಯಾರೆಂದು ಊಹಿಸುತ್ತಾ ಕಾಲ ಕಳೆಯಬೇಡಿ. ಹೆಣ್ಣುನಾಯಿ ಬೆದೆಯಲ್ಲಿರುವಾಗ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡುವುದುಂಟು, ಆಗ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುತ್ತಾರೆ. ಐದು ಮರಿಗಳಲ್ಲಿ ಒಂದು ಕಪ್ಪಗೆ ದಪ್ಪಗೆ, ಇನ್ನೊಂದು ಕಂದುಬಣ್ಣದ ಸಪೂರ ಕಾಲಿನದು ಇದ್ದರೆ ಅಚ್ಚರಿಪಡಬೇಕಾಗಿಲ್ಲ. ನಿಮ್ಮ ಕಣ್ಣಮುಂದೆ ಇರುವವಳು ತಾಯಿ. ಮೊದಲು ಅವಳನ್ನು ನೋಡಿ.

ನೋಡುವ ಬಗೆ ಹೀಗೆ. ಸೋದರಮಾವನವರು ಜೊತೆಗಿರುವಾಗ ನೀವು ಅಪರಿಚಿತರಾಗಿ ಮರಿಗಳ ಹತ್ತಿರ ಹೋಗಿ, ಹತ್ತು ಹೆಜ್ಜೆ ದೂರದಲ್ಲಿ ಕುಳಿತುಕೊಳ್ಳಿ. ಮುಧೋಳ ನಾಯಿ ಸ್ವಭಾವತಃ ಗಂಭೀರ ಪ್ರಾಣಿ. ಹೊಸಬರನ್ನು ಕಂಡೊಡನೆ ಬಾಲ ಅಲ್ಲಾಡಿಸುತ್ತಾ ಬಂದು ಮೈಮೇಲೆ ಬೀಳುವುದು, ಹೊಸ ಕೈ ಮೈ ಸವರಿದರೆ ಒಪ್ಪಿಕೊಳ್ಳುವುದು ಅದರ ಗುಣವಲ್ಲ. ಹಾಗಾಗಿ ಆಕೆ ದೂರ ನಿಂತು ನಿಮ್ಮನ್ನು ಅಳೆಯುತ್ತಾ ನೋಡಿದರೆ ಅದನ್ನು ದೋಷವೆಂದು ತಿಳಿಯಬೇಡಿ. ದೋಷ ಬೇರೆಯೇ ತೆರನಾಗಿ ಕಾಣಿಸಿಕೊಳ್ಳುತ್ತದೆ: ಬಾಲವನ್ನು ಹೊಟ್ಟೆಗೆ ಅವುಚಿಕೊಂಡು ನಡುಗುವುದು, ಮೂಲೆಯಲ್ಲಿ ಅವಿತು ಹಲ್ಲು ತೋರುವುದು, ಅರ್ಧ ಗಂಟೆ ಕಳೆದು ಯಜಮಾನರು ಮೈ ಸವರಿದ ಮೇಲೂ ಸಡಿಲವಾಗದೇ ಇರುವುದು. ಅಂಥ ಭಯ ಮರಿಗಳಿಗೆ ಎರಡು ದಾರಿಯಿಂದ ಇಳಿಯುತ್ತದೆ, ರಕ್ತದಿಂದ ಒಂದಿಷ್ಟು, ತಾಯಿಯನ್ನು ನೋಡಿ ಕಲಿಯುವುದರಿಂದ ಇನ್ನೊಂದಿಷ್ಟು. ತಾಯಿ ಹಾಗಿದ್ದರೆ, ಮರಿ ಎಷ್ಟೇ ಮುದ್ದಾಗಿದ್ದರೂ ಸಣ್ಣ ಮಕ್ಕಳಿರುವ ನಿಮ್ಮ ಮನೆಗೆ ಬೇಡ ಎನ್ನುತ್ತೇನೆ.

ಎರಡನೆಯ ಮಾತು, ಈಗಲೇ ತರಬೇಡಿ. ಎಂಟು ವಾರ ತುಂಬುವವರೆಗೆ ಮರಿ ತಾಯಿಯ ಬಳಿಯೇ ಇರಲಿ. ಎಂಟು ವಾರದೊಳಗಿನ ಮರಿಯನ್ನು ಮಾರಬಾರದೆಂದು ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳೂ ಹೇಳುತ್ತವೆ. ನಿಮಗೆ ಮರಿ ಬಿಟ್ಟಿಯಾಗಿ ಸಿಗುತ್ತಿರಬಹುದು, ಕಾರಣ ಮಾತ್ರ ಎರಡೂ ಕಡೆ ಒಂದೇ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವನಿಗೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಉರುಳಾಡುವಾಗ. ಐದು ವಾರಕ್ಕೇ ಬಿಡಿಸಿ ತಂದ ಮರಿ ಆ ಪಾಠವನ್ನು ನಿಮ್ಮ ಮಕ್ಕಳ ಕೈಮೇಲೆ ಕಲಿಯಬೇಕಾಗುತ್ತದೆ.

ಉಳಿದ ಮೂರು ವಾರಗಳನ್ನು ವ್ಯರ್ಥ ಮಾಡಬೇಡಿ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲ ನಾಯಿಯ ಬದುಕಿನಲ್ಲಿ ಮತ್ತೆ ಬರುವುದಿಲ್ಲ. ಈ ಅವಧಿಯಲ್ಲಿ ಅದು ಏನನ್ನು ನಿರ್ಭಯವಾಗಿ ಕಂಡು ಕೇಳಿರುತ್ತದೆಯೋ ಅದನ್ನು ಜೀವನಪೂರ್ತಿ ಒಪ್ಪಿಕೊಳ್ಳುತ್ತದೆ. ತೋಟದ ಮನೆಯಲ್ಲಿ ಹುಟ್ಟಿದ ಮರಿಗೆ ಟ್ರ್ಯಾಕ್ಟರ್ ಗೊತ್ತು, ದನ ಗೊತ್ತು, ಆದರೆ ಕುಕ್ಕರ್ ಸೀಟಿ, ಕಾಲಿಂಗ್ ಬೆಲ್, ಮೆಟ್ಟಿಲು, ಶಾಲೆಯ ಚೀಲ ಹೊತ್ತು ಓಡಿಬರುವ ಮಕ್ಕಳು ಗೊತ್ತಿರುವುದಿಲ್ಲ. ಪ್ರತಿ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ತಾಸು ಅಲ್ಲಿ ಇದ್ದು ಬನ್ನಿ. ಸೋದರಮಾವನ ಮನೆಯವರು ದಿನಕ್ಕೆ ಎರಡು ಸಲ ಪ್ರತಿ ಮರಿಯನ್ನೂ ಎತ್ತಿ, ಕಿವಿ, ಬಾಯಿ, ಪಾದ ಮುಟ್ಟಿ ನೋಡುವ ರೂಢಿ ಮಾಡಲಿ. ಇದಕ್ಕೆ ಖರ್ಚಿಲ್ಲ, ಆದರೆ ಇದರಷ್ಟು ಫಲ ಕೊಡುವ ಇನ್ನೊಂದು ಕೆಲಸವನ್ನು ನಾನು ಕಂಡಿಲ್ಲ.

ಇನ್ನು ಆಯ್ಕೆ. ಏಳನೆಯ ವಾರದಲ್ಲಿ, ಮರಿಗಳು ಉಂಡು ಮಲಗಿರದ ಹೊತ್ತು ನೋಡಿಕೊಂಡು, ಒಂದೊಂದನ್ನೇ ಅದಕ್ಕೆ ಪರಿಚಯವಿಲ್ಲದ ಅಂಗಳಕ್ಕೆ ತನ್ನಿ. ಸುಮ್ಮನೆ ಕುಳಿತುಕೊಳ್ಳಿ. ಸ್ವಲ್ಪ ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಬೀಳಿಸಿ. ಎಲ್ಲ ಮರಿಗಳೂ ಬೆಚ್ಚುತ್ತವೆ, ಬೆಚ್ಚಿದ್ದು ಮುಖ್ಯವಲ್ಲ, ಎಷ್ಟು ಹೊತ್ತಿನಲ್ಲಿ ಚೇತರಿಸಿಕೊಂಡು ಆ ತಟ್ಟೆಯನ್ನು ಮೂಸಲು ಬರುತ್ತದೆ ಎಂಬುದು ಮುಖ್ಯ. ಮರಿಯನ್ನು ಎತ್ತಿ ಎದೆಗೆ ಒರಗಿಸಿಕೊಳ್ಳಿ. ಮೊದಲು ಒದ್ದಾಡಿ, ಅರ್ಧ ನಿಮಿಷದಲ್ಲಿ ಮೈ ಸಡಿಲಬಿಡುವ ಮರಿ ಒಳ್ಳೆಯದು. ಎಲ್ಲಕ್ಕಿಂತ ಮೊದಲು ಓಡಿಬಂದು ಪ್ಯಾಂಟು ಹಿಡಿದು ಎಳೆಯುವ ಮರಿ ಬಹಳ ಜನಕ್ಕೆ ಇಷ್ಟವಾಗುತ್ತದೆ. "ಅದೇ ನಮ್ಮನ್ನು ಆರಿಸಿತು" ಎಂದು ಅಭಿಮಾನದಿಂದ ಹೇಳುತ್ತಾರೆ. ಆರು ವರ್ಷದ ಮಗುವಿರುವ, ಮೊದಲ ಸಲ ನಾಯಿ ಸಾಕುವ ಮನೆಗೆ ಆ ಮರಿಯೂ ಬೇಡ, ಮೂಲೆಯಿಂದ ಹೊರಬಾರದ ಮರಿಯೂ ಬೇಡ. ಒಂದು ದಿನ ಕಂಡದ್ದನ್ನು ನಂಬಿ ತೀರ್ಮಾನಿಸಲೂಬೇಡಿ, ಮರಿಗೂ ಹೊಟ್ಟೆನೋವಿನ ದಿನವಿರುತ್ತದೆ. ಮೂರು ಭಾನುವಾರಗಳ ಲೆಕ್ಕ ನಾನು ಕೊಟ್ಟದ್ದು ಇದಕ್ಕಾಗಿಯೇ.

ಮೈಯನ್ನೂ ಪರೀಕ್ಷಿಸಿ. ಪಕ್ಕೆಲುಬು ಕಾಣುತ್ತಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳುವಿದೆ. ಕಿವಿಯೊಳಗೆ ನಾತ, ಕಣ್ಣಿನಲ್ಲಿ ಪಿಸುರು, ಮೈಮೇಲೆ ಕೂದಲು ಉದುರಿದ ತೇಪೆಗಳು, ಬಾಲದ ಬುಡಕ್ಕೆ ಅಂಟಿದ ಭೇದಿ, ಕಾಲ್ಬೆರಳ ಸಂದಿನಲ್ಲಿ ಉಣ್ಣಿ, ಇವೆಲ್ಲ ಚಿಕಿತ್ಸೆಗೆ ಬಗ್ಗುವಂಥವೇ. ಒಸಡು ಬಿಳಿಚಿದ್ದರೆ ಮಾತ್ರ ಮೊದಲು ಪಶುವೈದ್ಯರಿಗೆ ತೋರಿಸಿ, ಆಮೇಲೆ ಮಾತು ಕೊಡಿ. ಬೆಳೆದ ಮೇಲಿನ ತೂಕದ ಬಗ್ಗೆ ಹೇಳುವುದಾದರೆ, ಮಧ್ಯಮ ಗಾತ್ರದ ನಾಯಿ ನಾಲ್ಕು ತಿಂಗಳಿಗೆ ತೂಗುವ ತೂಕದ ಸುಮಾರು ಎರಡು ಪಟ್ಟಿಗೆ ಬೆಳೆದು ನಿಲ್ಲುತ್ತದೆ ಎಂಬುದು ನಾವು ಬಳಸುವ ಅಂದಾಜಿನ ಲೆಕ್ಕ.

ತಾಯಿಯಿಂದ ಬರಬಹುದಾದ ಒಂದು ಗುಣಕ್ಕೆ ನೀವು ಸಿದ್ಧರಿರಬೇಕು. ಮುಧೋಳ ನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಮೊಲವೋ ಬೆಕ್ಕೋ ಓಡಿದರೆ ಅದರ ಕಾಲು ನಿಲ್ಲುವುದಿಲ್ಲ. ಆ ರಕ್ತದ ಅರ್ಧ ಪಾಲು ನಿಮ್ಮ ಮರಿಯಲ್ಲಿ ಇರುತ್ತದೆ. ನವನಗರದ ಅಗಲವಾದ ರಸ್ತೆಗಳು ಬೆಳಗಿನ ಓಟಕ್ಕೆ ಅನುಕೂಲವೇ ಹೌದು, ಆದರೆ ಹಗ್ಗವಿಲ್ಲದೆ ಬಿಡಬಾರದು, ಮತ್ತು ಅದನ್ನು ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವ ಯೋಚನೆಯಿದ್ದರೆ ಈ ಮರಿಯನ್ನು ತರುವುದೇ ಬೇಡ. ಓಡಲು ಹುಟ್ಟಿದ ನಾಯಿಯನ್ನು ಕಟ್ಟಿಹಾಕಿದರೆ ಅದು ಬೊಗಳುವುದನ್ನೂ ಅಗೆಯುವುದನ್ನೂ ಉದ್ಯೋಗ ಮಾಡಿಕೊಳ್ಳುತ್ತದೆ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ಮಕ್ಕಳ ಆಸೆಯಿದೆ, ಕಾಕಾನ ಅಭಿಪ್ರಾಯವಿದೆ, ಅತ್ತೆಯವರ ಮಾತು ಒಂದೂ ಇಲ್ಲ. ನೀವಿಬ್ಬರೂ ಶಾಲೆಗೆ ಹೋದಮೇಲೆ ಸಂಜೆಯವರೆಗೆ ಮರಿಯ ಜೊತೆ ಇರುವವರು ಅವರು. ಎರಡು ತಿಂಗಳ ಮರಿ ಎರಡೆರಡು ತಾಸಿಗೆ ಉಚ್ಚೆ ಹೊಯ್ಯುತ್ತದೆ, ಸೀರೆಯ ಸೆರಗು ಎಳೆಯುತ್ತದೆ, ಕಾಲಿಗೆ ತೊಡರುತ್ತದೆ. ಅವರು ಮನಸಾರೆ ಒಪ್ಪಿದರೆ ಮಾತ್ರ ಮುಂದುವರಿಯಿರಿ. ಒಪ್ಪದಿದ್ದರೆ ನಿಮಗೆ ರಜೆಯಿರುವ ಕಾಲಕ್ಕೆ ಬರುವ ಬೇರೊಂದು ಸೂಲಿಗೆ ಕಾಯಿರಿ. ಆರು ವರ್ಷದ ಮಗುವನ್ನು ಯಾವ ತಳಿಯ ನಾಯಿಯೊಡನೆಯೂ, ಅದು ಎಷ್ಟೇ ಸೌಮ್ಯವಾಗಿದ್ದರೂ, ದೊಡ್ಡವರಿಲ್ಲದೆ ಬಿಡಬಾರದು.

ಶುದ್ಧ ಮುಧೋಳವೇ ಬೇಕೆಂದು ಮನೆಯಲ್ಲಿ ತೀರ್ಮಾನವಾದರೆ, ಮುಧೋಳ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಸೇನೆಯೂ ತರಬೇತಿಗೆ ಒಯ್ದ ಈ ತಳಿಯ ಬಗ್ಗೆ ನಮ್ಮ ಜಿಲ್ಲೆಗಿರುವ ಹೆಮ್ಮೆ ನನಗೂ ಇದೆ. ಆದರೆ ರಸ್ತೆಬದಿಯಲ್ಲಿ "ಅಸಲಿ ಮುಧೋಳ" ಎಂದು ಮಾರುವ ಮರಿಗಳಲ್ಲಿ ಎಷ್ಟೋ ನಿಮ್ಮ ಸೋದರಮಾವನವರ ಮರಿಗಳಂತೆಯೇ ಮಿಶ್ರವಾದವು. ಹಣ ಕೊಟ್ಟು ಅದನ್ನೇ ತರುವುದಕ್ಕಿಂತ, ತಾಯಿಯನ್ನು ಕಣ್ಣಾರೆ ಕಂಡು ತರುವುದು ಮೇಲು.

ಪ್ರಶ್ನೆ: ವಿಜಯಪುರ ಜಿಲ್ಲೆಯ ತಿಕೋಟಾ ಭಾಗದಲ್ಲಿ ನಮ್ಮ ದ್ರಾಕ್ಷಿ ತೋಟವಿದೆ, ಒಣದ್ರಾಕ್ಷಿ ಶೆಡ್ ಕೂಡ ಇದೆ. ಕಾವಲಿಗೆ ನಾಯಿ ಬೇಕು. ನಮ್ಮ ಮಾವನವರು ರಾಟ್‌ವೀಲರ್ ಅಥವಾ ಪಿಟ್‌ಬುಲ್ ಕ್ರಾಸ್ ತರೋಣ ಎನ್ನುತ್ತಾರೆ. ನನಗೆ ಊರಲ್ಲೇ ಹುಟ್ಟಿದ ಜವಾರಿ ಮರಿ ಸಾಕೆನಿಸುತ್ತದೆ. ಯಾವುದು ಸರಿ? ಕ್ರಾಸ್ ನಾಯಿಗಳನ್ನು ಸಾಕುವುದಕ್ಕೆ ಸರ್ಕಾರದ ನಿಷೇಧವಿದೆಯೇ?

ಉತ್ತರ: ನಿಮ್ಮ ಎಣಿಕೆಯೇ ಸರಿ. ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ನಮ್ಮ ಹಳ್ಳಿಗಳ ಜವಾರಿ ನಾಯಿಯನ್ನು ಜನ ಕಂತ್ರಿ ನಾಯಿ ಎಂದು ಕರೆದು ಮಿಶ್ರತಳಿಯ ಲೆಕ್ಕಕ್ಕೆ ಸೇರಿಸುತ್ತಾರೆ. ಅದು ಹಲವು ತಳಿಗಳು ಕಲೆತು ಆದದ್ದಲ್ಲ. ಮನುಷ್ಯ ಕೂಡಿಸಿ ಬೆಳೆಸದೆ, ಸಾವಿರಾರು ವರ್ಷ ಈ ನೆಲದ ಬಿಸಿಲು, ಹಸಿವು, ರೋಗಗಳೇ ಜರಡಿ ಹಿಡಿದು ಉಳಿಸಿದ ನಾಯಿ ಅದು. ಪೇಟೆಗಳಲ್ಲಿ ಲ್ಯಾಬ್ರಡಾರ್, ಪಾಮೇರಿಯನ್, ಜರ್ಮನ್ ಶೆಫರ್ಡ್ ರಕ್ತ ಸೇರಿದ ಬೀದಿನಾಯಿಗಳು ಮಿಶ್ರತಳಿಯವು. ದೂರದ ಊರುಗಳಲ್ಲಿ ಗಿಡ್ಡ ಕೂದಲಿನ, ನಿಮಿರಿದ ಕಿವಿಯ, ಸುರುಳಿ ಬಾಲದ ಜವಾರಿ ನಾಯಿ ಇನ್ನೂ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಕಡೆ ತಾಪಮಾನ 40 ಡಿಗ್ರಿ ದಾಟುತ್ತದೆ. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರಿ ತಂಪಾಗುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು ಶಾಖ ಕಳೆಯುತ್ತದೆ. ದಪ್ಪ ಮೈಯ ಅಥವಾ ಮೊಂಡು ಮೂತಿಯ ತಳಿಗಳ ರಕ್ತವಿರುವ ನಾಯಿಗೆ ತೋಟದ ನಡುಹಗಲು ಶಿಕ್ಷೆ. ಕಾವಲಿಗೆ ಬೇಕಾದದ್ದು ಕಚ್ಚುವ ನಾಯಿಯಲ್ಲ, ಗುರುತಿಲ್ಲದ ಹೆಜ್ಜೆ ಕೇಳಿದೊಡನೆ ಬೊಗಳಿ ಎಬ್ಬಿಸುವ ನಾಯಿ. ಆ ಕೆಲಸವನ್ನು ಜವಾರಿ ನಾಯಿ ಯಾರೂ ಕಲಿಸದೆ ಮಾಡುತ್ತದೆ. ಕೊಯ್ಲಿನ ಕಾಲದಲ್ಲಿ ನಿಮ್ಮ ತೋಟಕ್ಕೆ ದಿನವೂ ಹೊಸ ಕೂಲಿಯವರು, ಅವರ ಸಣ್ಣ ಮಕ್ಕಳು ಬರುತ್ತಾರೆ ಎಂಬುದನ್ನೂ ಮಾವನವರಿಗೆ ನೆನಪಿಸಿ. ಬಲವಾದ ದವಡೆಯ ನಾಯಿ ಒಮ್ಮೆ ತಪ್ಪು ಮಾಡಿದರೆ ಅದನ್ನು ಸರಿಪಡಿಸಲಾಗದು.

ಕಾನೂನಿನ ವಿಷಯ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನೂ ಅವುಗಳ ಮಿಶ್ರತಳಿಗಳನ್ನೂ ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತ್ತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಆದರೆ ನಾಯಿ ಯಾರನ್ನಾದರೂ ಗಾಯಗೊಳಿಸಿದರೆ ಹೊಣೆ ಸಾಕಿದವರದೇ, ತಳಿ ಯಾವುದಾದರೂ ಅದು ಬದಲಾಗುವುದಿಲ್ಲ.

ನೀವು ಕೇಳದೆ ಇದ್ದರೂ ಒಂದು ಮಾತನ್ನು ಒತ್ತಿ ಹೇಳಲೇಬೇಕು. ದ್ರಾಕ್ಷಿ ನಾಯಿಗೆ ವಿಷ, ಒಣದ್ರಾಕ್ಷಿ ಇನ್ನೂ ಹೆಚ್ಚು. ತಿಂದ ಕೆಲವು ತಾಸುಗಳಲ್ಲಿ ವಾಂತಿ ಶುರುವಾಗಿ, ಒಂದೆರಡು ದಿನಗಳಲ್ಲಿ ಮೂತ್ರಪಿಂಡ ಕೆಲಸ ನಿಲ್ಲಿಸಬಹುದು. ಒಂದು ನಾಯಿ ತಿಂದು ಅರಗಿಸಿಕೊಂಡ ಪ್ರಮಾಣವೇ ಇನ್ನೊಂದರ ಪ್ರಾಣ ತೆಗೆಯುವುದುಂಟು, ಆದ್ದರಿಂದ "ನಮ್ಮ ಹಳೆಯ ನಾಯಿ ತಿನ್ನುತ್ತಿತ್ತು, ಏನೂ ಆಗಿರಲಿಲ್ಲ" ಎಂಬ ಧೈರ್ಯ ಬೇಡ. ಶೆಡ್ಡಿನ ಜಾಲರಿಗಳ ಕೆಳಗೆ ಉದುರಿದ ಹಣ್ಣನ್ನು ಗುಡಿಸಿ ತೆಗೆಯಿರಿ, ಶೆಡ್ಡಿಗೆ ನಾಯಿ ನುಗ್ಗದಂತೆ ತಡೆ ಹಾಕಿ, ತಿಂದದ್ದು ಗೊತ್ತಾದರೆ ವಾಂತಿಗೆ ಕಾಯದೆ ವೈದ್ಯರ ಬಳಿ ಒಯ್ಯಿರಿ. ಉಳ್ಳಾಗಡ್ಡಿಯೂ ಬಳ್ಳೊಳ್ಳಿಯೂ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಊಟ ಮುಗಿದ ಮೇಲೆ ಪಲ್ಯದ ತಟ್ಟೆಯನ್ನು ನಾಯಿಯ ಮುಂದಿಡುವ ನಮ್ಮ ರೂಢಿಯನ್ನು ಬಿಡಬೇಕು. ಜೋಳದ ರೊಟ್ಟಿ ಹಾಕಬಹುದು, ಆದರೆ ಬರೀ ರೊಟ್ಟಿಯಿಂದ ಮರಿ ಬೆಳೆಯದು, ದಿನವೂ ಮೊಟ್ಟೆಯೋ ಮಾಂಸವೋ ಬೇಕು. ಮನೆಯಲ್ಲಿ ಅವು ನಡೆಯದಿದ್ದರೆ ಮರಿಗಳಿಗೆಂದೇ ತಯಾರಾದ ಸಿದ್ಧ ಆಹಾರ ಕೊಡಿ.

ಪ್ರಶ್ನೆ: ನಾವು ಬೆಳಗಾವಿಯ ಟಿಳಕವಾಡಿಯಲ್ಲಿ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿದ್ದೇವೆ. ಪರಿಚಯದವರೊಬ್ಬರು ಲ್ಯಾಬ್ರಡೂಡಲ್ ಎಂಬ ಹೊಸ ತಳಿಯ ಮರಿ ಕೊಡಿಸುವುದಾಗಿ ಹೇಳುತ್ತಿದ್ದಾರೆ. ಕೂದಲು ಉದುರುವುದಿಲ್ಲ, ಅಲರ್ಜಿ ಬರುವುದಿಲ್ಲ, ಮಿಶ್ರತಳಿಯಾದ್ದರಿಂದ ರೋಗವೇ ಬರುವುದಿಲ್ಲ ಎನ್ನುತ್ತಾರೆ. ಬೆಲೆ ಶುದ್ಧ ತಳಿಗಿಂತಲೂ ಹೆಚ್ಚು. ನಂಬಬಹುದೇ?

ಉತ್ತರ: ಮೂರು ಮಾತುಗಳಲ್ಲಿ ಒಂದನ್ನೂ ಪೂರ್ತಿ ನಂಬಬೇಡಿ. ಲ್ಯಾಬ್ರಡಾರ್ ಮತ್ತು ಪೂಡಲ್ ನಾಯಿಗಳನ್ನು ಕೂಡಿಸಿ ಈ ಹೆಸರನ್ನು ಜನಪ್ರಿಯಗೊಳಿಸಿದವರು ಆಸ್ಟ್ರೇಲಿಯಾದ ವಾಲಿ ಕಾನ್ರನ್. ಅಂಧರಿಗೆ ದಾರಿ ತೋರುವ ನಾಯಿಗಳನ್ನು ಸಾಕುತ್ತಿದ್ದ ಸಂಸ್ಥೆಯಲ್ಲಿದ್ದ ಅವರಿಗೆ, 1980ರ ದಶಕದ ಕೊನೆಯಲ್ಲಿ, ಹವಾಯಿಯ ಅಂಧ ಮಹಿಳೆಯೊಬ್ಬರಿಗೆ ಅವರ ಗಂಡನಿಗೆ ಅಲರ್ಜಿಯಾಗದಂಥ ನಾಯಿಯನ್ನು ಒದಗಿಸಬೇಕಾಗಿತ್ತು. ಹುಟ್ಟಿದ ಮೂರು ಮರಿಗಳ ಕೂದಲು ಮತ್ತು ಜೊಲ್ಲನ್ನು ಪರೀಕ್ಷೆಗೆ ಕಳುಹಿಸಿದಾಗ ಆ ಮನುಷ್ಯನಿಗೆ ಹೊಂದಿದ್ದು ಒಂದೇ ಮರಿ. ಒಂದೇ ತಂದೆತಾಯಿಯ ಮರಿಗಳಲ್ಲಿಯೇ ಇಷ್ಟು ವ್ಯತ್ಯಾಸವಿದ್ದಾಗ "ಅಲರ್ಜಿ ಬರುವುದಿಲ್ಲ" ಎಂಬ ಭರವಸೆಯನ್ನು ಮಾರುವವರು ಹೇಗೆ ಕೊಟ್ಟಾರು? ಆ ಹೆಸರಿನ ಹಿಂದೆ ನಾಯಿಗಳನ್ನು ಹೇಗೆಂದರೆ ಹಾಗೆ ಕೂಡಿಸುವ ವ್ಯಾಪಾರ ಬೆಳೆದದ್ದನ್ನು ಕಂಡು ಕಾನ್ರನ್ ಅವರೇ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಅಲರ್ಜಿಯಿದ್ದರೆ, ಅವರು ಆ ಮರಿಯ ಜೊತೆಗೇ ನಾಲ್ಕಾರು ಸಲ ತಾಸುಗಟ್ಟಲೆ ಕುಳಿತು ನೋಡುವುದೊಂದೇ ದಾರಿ.

ರೋಗದ ಮಾತಿಗೆ ಬರೋಣ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು ಹದಿನೈದು ವರ್ಷಗಳ ಆಸ್ಪತ್ರೆ ದಾಖಲೆಗಳಿಂದ 27,000ಕ್ಕೂ ಹೆಚ್ಚು ನಾಯಿಗಳ 24 ಆನುವಂಶಿಕ ತೊಂದರೆಗಳನ್ನು ಹೋಲಿಸಿದರು. ಹತ್ತು ತೊಂದರೆಗಳು ಶುದ್ಧ ತಳಿಗಳಲ್ಲಿ ಹೆಚ್ಚಾಗಿದ್ದವು, ಹದಿಮೂರರಲ್ಲಿ ಎರಡೂ ಬಗೆಯ ನಾಯಿಗಳ ನಡುವೆ ವ್ಯತ್ಯಾಸವಿರಲಿಲ್ಲ, ಮೊಣಕಾಲಿನ ಕಟ್ಟು ಹರಿಯುವ ಒಂದು ತೊಂದರೆ ಮಿಶ್ರತಳಿಯಲ್ಲಿಯೇ ಹೆಚ್ಚಾಗಿತ್ತು. ಎಂದರೆ ಮಿಶ್ರತಳಿಗೆ ಸ್ವಲ್ಪ ಅನುಕೂಲವಿದೆ, ಅಭಯವಿಲ್ಲ. ಸೊಂಟದ ಕೀಲು ಸಡಿಲವಾಗುವ ದೋಷ ಲ್ಯಾಬ್ರಡಾರಿನಲ್ಲೂ ಇದೆ, ದೊಡ್ಡ ಪೂಡಲ್‌ನಲ್ಲೂ ಇದೆ. ಎರಡನ್ನೂ ಕೂಡಿಸಿದರೆ ಅದು ಎಲ್ಲಿಗೆ ಹೋಗುತ್ತದೆ? ಮಾರುವವರು ತಂದೆತಾಯಿಯ ಕೀಲಿನ ಎಕ್ಸ್‌ರೇ ತೋರಿಸಬಲ್ಲರೇ, ತಾಯಿನಾಯಿಯನ್ನು ಅದು ಇರುವ ಜಾಗದಲ್ಲೇ ನೋಡಲು ಬಿಡುತ್ತಾರೆಯೇ, ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಿ. ಕಾರಿನ ಡಿಕ್ಕಿಯಲ್ಲಿ ಬುಟ್ಟಿಯಿಟ್ಟುಕೊಂಡು ಬಸ್ ನಿಲ್ದಾಣದ ಬಳಿ ಕೊಡುತ್ತೇವೆ ಎಂದರೆ ಹಿಂದಿರುಗಿ ಬನ್ನಿ.

ಉದ್ದ ಗುಂಗುರು ಕೂದಲಿನ ನಾಯಿಗೆ ಬೆಳಗಾವಿಯ ಮಳೆಗಾಲ ಕಷ್ಟ ಎಂಬುದನ್ನೂ ಯೋಚಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂದಲು ಬುಡದವರೆಗೆ ಒಣಗುವುದೇ ಇಲ್ಲ, ಚರ್ಮಕ್ಕೆ ಬೂಷ್ಟು, ಕಿವಿಗೆ ಸೋಂಕು, ಕೂದಲ ಕೆಳಗೆ ಕಾಣದಂತೆ ಉಣ್ಣಿ. ದಿನವೂ ಬಾಚಿ ಒರೆಸುವವರು ಬೇಕು. ಅಪಾರ್ಟ್‌ಮೆಂಟಿನ ಸಂಘ ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಕೊಟ್ಟಿದೆ. ಆದರೂ ಕೆಳಗಿನ ಮನೆಯವರ ನಿದ್ದೆ ಕೆಡದಂತೆ ನೋಡಿಕೊಳ್ಳುವುದು ನಿಮ್ಮ ಕರ್ತವ್ಯ. ಮೂರನೆಯ ಮಹಡಿಗೆ, ಅಷ್ಟು ಹಣಕ್ಕೆ ಬದಲಾಗಿ, ಒಂದೆರಡು ವರ್ಷ ತುಂಬಿದ, ಶಾಂತವೆಂದು ಯಾರಾದರೂ ಬಲ್ಲ ಗಿಡ್ಡ ಕೂದಲಿನ ಮಿಶ್ರತಳಿಯ ನಾಯಿಯನ್ನು ಹುಡುಕಿರಿ ಎನ್ನುವುದು ನನ್ನ ಸಲಹೆ.

ಪ್ರಶ್ನೆ: ಕ್ರಾಸ್ ಮತ್ತು ಜವಾರಿ ನಾಯಿಗಳಿಗೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇರುತ್ತದೆ, ಚುಚ್ಚುಮದ್ದು ಬೇಕಾಗಿಲ್ಲ ಎನ್ನುತ್ತಾರೆ. ನಿಜವೇ? (ಜಮಖಂಡಿಯ ಓದುಗರು)

ಉತ್ತರ: ಸುಳ್ಳು, ಮತ್ತು ಈ ಸುಳ್ಳು ಪ್ರತಿ ವರ್ಷ ಮರಿಗಳನ್ನು ಕೊಲ್ಲುತ್ತದೆ. ಬೀದಿಯಲ್ಲಿ ನೀವು ಕಾಣುವುದು ಬದುಕಿ ಉಳಿದ ನಾಯಿಗಳನ್ನು. ಅವುಗಳ ಜೊತೆ ಹುಟ್ಟಿ ಎರಡು ತಿಂಗಳೊಳಗೆ ಸತ್ತವು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಮ್ಮ ಮನೆಗೆ ತಂದ ಮಿಶ್ರತಳಿಯ ಮರಿಗೆ "ಗಟ್ಟಿ ಮರಿ, ಮುಂದಿನ ವಾರ ಹಾಕಿದರಾಯಿತು" ಎಂದು ಎರಡನೆಯ ಚುಚ್ಚುಮದ್ದನ್ನು ನಾನೇ ಮುಂದೂಡಿದೆ. ಪಾರ್ವೊ ತಗುಲಿ ರಕ್ತಭೇದಿಯಾಗಿ ಅದು ನಾಲ್ಕೇ ದಿನಗಳಲ್ಲಿ ಸತ್ತಿತು. ಆ ಅಂಗಳದಲ್ಲಿ ಒಂದು ವರ್ಷ ಇನ್ನೊಂದು ಮರಿಯನ್ನು ಬಿಡಲಿಲ್ಲ, ಏಕೆಂದರೆ ಆ ವೈರಾಣು ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ.

ಆರರಿಂದ ಎಂಟನೆಯ ವಾರದಲ್ಲಿ ಪಾರ್ವೊ, ಡಿಸ್ಟೆಂಪರ್ ಮುಂತಾದವುಗಳ ಮೊದಲ ಚುಚ್ಚುಮದ್ದು, ಮುಂದೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಬಳಿಕ ವೈದ್ಯರು ಬರೆದುಕೊಟ್ಟಂತೆ ವರ್ಷವರ್ಷ. ಜಂತುಹುಳುವಿನ ಔಷಧವನ್ನು ಎರಡನೆಯ ವಾರದಿಂದಲೇ ಶುರುಮಾಡಬೇಕು. ಹುಚ್ಚುನಾಯಿ ರೋಗ ಲಕ್ಷಣ ತೋರಿದ ಮೇಲೆ ನಾಯಿಯೂ ಉಳಿಯುವುದಿಲ್ಲ, ಮನುಷ್ಯನೂ ಉಳಿಯುವುದಿಲ್ಲ ಎಂದೇ ತಿಳಿಯಬೇಕು. ಯಾವುದೇ ನಾಯಿ, ಮನೆಯ ಮರಿಯೇ ಆಗಿರಲಿ, ಹಲ್ಲು ತಾಗಿಸಿ ಗೀರಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ.

ಪ್ರಶ್ನೆ: ನಾವು ವಿಜಯಪುರದಲ್ಲಿರುವ ನಿವೃತ್ತ ದಂಪತಿ. ಎರಡು ವರ್ಷದಿಂದ ಒಂದು ಹೆಣ್ಣುನಾಯಿ ದಿನವೂ ನಮ್ಮ ಗೇಟಿಗೆ ಬಂದು ರೊಟ್ಟಿ ತಿಂದು ಹೋಗುತ್ತದೆ. ಹುಲಿಪಟ್ಟೆಯ ಮೈ, ಒಂದು ಕಿವಿಯ ತುದಿ ಕತ್ತರಿಸಿದಂತಿದೆ. ಮಗ ಬೆಂಗಳೂರಿನಿಂದ ತಳಿ ನಾಯಿಯ ಮರಿ ತಂದುಕೊಡುತ್ತೇನೆ ಎನ್ನುತ್ತಾನೆ. ನಮ್ಮ ಮನಸ್ಸು ಇದರ ಮೇಲಿದೆ. ದೊಡ್ಡ ನಾಯಿ ಮನೆಗೆ ಹೊಂದಿಕೊಳ್ಳುತ್ತದೆಯೇ? ಇದು ಯಾವ ತಳಿ ಇರಬಹುದು?

ಉತ್ತರ: ಕಿವಿಯ ತುದಿಯನ್ನು ಕತ್ತರಿಸಿರುವುದು ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ ಎಂಬುದರ ಗುರುತು. ಆಗಲೇ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನೂ ಹಾಕಿರುತ್ತಾರೆ. ಅದು ಯಾವಾಗಿನದೆಂದು ಗೊತ್ತಿಲ್ಲದ್ದರಿಂದ ಈಗ ಮತ್ತೊಮ್ಮೆ ಹಾಕಿಸಿ.

ಮಗನ ಪ್ರೀತಿ ದೊಡ್ಡದು, ಆದರೆ ಮರಿಯನ್ನು ಬೆಳೆಸುವುದು ಮೊಣಕಾಲು ಗಟ್ಟಿಯಿರುವವರ ಕೆಲಸ. ಮರಿಯನ್ನು ಆರಿಸುವಾಗ ಮುಂದೆ ಅದು ಹೇಗಾದೀತೆಂದು ತಾಯಿಯನ್ನು ನೋಡಿ ಊಹಿಸಬೇಕಾಗುತ್ತದೆ. ನಿಮ್ಮ ನಾಯಿಯ ವಿಷಯದಲ್ಲಿ ಊಹಿಸುವುದಕ್ಕೆ ಏನೂ ಉಳಿದಿಲ್ಲ. ಎರಡು ವರ್ಷ ಅದು ಹಾಲಿನವನನ್ನು, ಪೇಪರಿನ ಹುಡುಗನನ್ನು, ಪಕ್ಕದ ಮನೆಯ ಮಕ್ಕಳನ್ನು ಹೇಗೆ ಕಂಡಿದೆ ಎಂಬುದನ್ನು ನೀವು ದಿನವೂ ನೋಡಿದ್ದೀರಿ. ಯಾರ ಮೇಲೂ ಏರಿಹೋಗಿಲ್ಲವೆಂದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಒಮ್ಮೆಲೇ ಒಳಗೆ ಕೂಡಿಹಾಕಬೇಡಿ. ಮೊದಲು ಕಾಂಪೌಂಡಿನೊಳಗೆ ಊಟ, ಆಮೇಲೆ ಪಡಸಾಲೆಯಲ್ಲಿ ಗೋಣಿತಟ್ಟಿನ ಹಾಸಿಗೆ, ಬಾಗಿಲು ತೆರೆದೇ ಇರಲಿ. ಮಳೆ ಬಂದ ರಾತ್ರಿ ಅದೇ ಒಳಗೆ ಬಂದು ಮಲಗುತ್ತದೆ. ಕೊರಳಪಟ್ಟಿ, ಹಗ್ಗ ಒಗ್ಗುವುದಕ್ಕೆ ಒಂದು ತಿಂಗಳು ಹಿಡಿದೀತು, ಅವಸರ ಬೇಡ. ಉಣ್ಣಿಯಿಂದ ಬರುವ ಜ್ವರವಿದೆಯೇ ಎಂದು ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಹೊರಗೆ ಬೆಳೆದ ನಾಯಿಗಳಲ್ಲಿ ಅದು ಎದ್ದು ಕಾಣದೆ ಇರುವುದುಂಟು.

ತಳಿಯ ಬಗ್ಗೆ ಕೇಳಿದ್ದೀರಿ. ಹುಲಿಪಟ್ಟೆ ಹಲವು ನಾಯಿಗಳಲ್ಲಿ ಬರುವ ಬಣ್ಣ, ಅದರಿಂದ ಏನನ್ನೂ ನಿರ್ಧರಿಸಲಾಗದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಕಾಲದ ಶಾಸನವೊಂದಿದೆ. ಮಣಲೇರನೆಂಬ ವೀರನ ಪರಾಕ್ರಮಕ್ಕೆ ಒಡೆಯ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಒಂದು ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು, ಅದಕ್ಕಾಗಿ ಕಲ್ಲು ನಿಲ್ಲಿಸಿದರು. ಶಾಸನದಲ್ಲಿ ಆ ನಾಯಿಯ ಹೆಸರು ಕಾಳಿ ಎಂದಿದೆ, ತಳಿಯ ಮಾತಿಲ್ಲ. ನಿಮ್ಮ ನಾಯಿಗೆ ಇನ್ನೂ ಹೆಸರಿಟ್ಟಿಲ್ಲವೆಂದು ನಿಮ್ಮ ಪತ್ರದಿಂದ ತೋರುತ್ತದೆ. ಚುಚ್ಚುಮದ್ದಿನ ಚೀಟಿಯಲ್ಲಿ ಬರೆಯಲು ಅದು ಬೇಕಾಗುತ್ತದೆ, ವೈದ್ಯರ ಬಳಿ ಹೋಗುವ ಮೊದಲೇ ಒಂದನ್ನು ಇಟ್ಟುಕೊಳ್ಳಿ.